ಅಂಬಾಸಿಡರ್ ಕಟೌಟ್ ರಿಪೇರಿ: ಶಿವಮೊಗ್ಗದ ಈ ಅಂಗಡಿಗೆ ಹೋಗಿ

ಡೈನಮೋ (ಎಂಜಿನ್ ತಿರುಗಿಸುವ, ಬ್ಯಾಟರಿ ಚಾರ್ಜ್ ಮಾಡುವ ಹಳೆ ಕಾಲದ ಜನರೇಟರ್) ಇರುವ ಹಳೆ ಅಂಬಾಸಿಡರ್ ಕಾರು ಇಟ್ಟುಕೊಂಡವರು, ಆ ಚಾರ್ಜಿಂಗನ್ನು ಹಿಡಿತದಲ್ಲಿಡುವ ಡಬ್ಬಿ, ಅಂದರೆ ಕಟೌಟ್, ಕೈಕೊಟ್ಟಿತು ಅಂತ ಬೆಂಗಳೂರಿಗೆ ಓಡಬೇಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಂದು ಪುಟ್ಟ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಅಲ್ಲಿನ ಅಣ್ಣ ಹಳೆ ಡಬ್ಬಿ ಬಿಚ್ಚಿ, ಅದು ಯಾವಾಗ ಏನು ಮಾಡುತ್ತದೆ ಅಂತ ಅಳೆದು, ಅದೇ ಡಬ್ಬಿಯೊಳಗೆ ತಾವೇ ಮಾಡಿದ ಎಲೆಕ್ಟ್ರಾನಿಕ್ ಬೋರ್ಡ್ ಕೂರಿಸಿ ಕೊಡುತ್ತಾರೆ. ಹೊರಗಿಂದ ಅದೇ ಕಪ್ಪು ಮುಚ್ಚಳ, ಅದೇ ಟರ್ಮಿನಲ್. ಒಂದು ವೈರನ್ನೂ ಕತ್ತರಿಸಿಲ್ಲ.

ನನ್ನದು ಮಾರ್ಕ್ 3 ಮಾಡೆಲ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿದೆ, ಇನ್ನು ಡೈನಮೋ ಕಾಲದ ಸಾಮಾನು ಒಳ್ಳೆಯದು ಸಿಗೋದು ಕಷ್ಟ. ಹೊಸದು ಅಂತ ತಂದ ಒಂದು ಕಟೌಟ್ ಮೊದಲ ಮಳೆಗಾಲಕ್ಕೇ ಪಾಯಿಂಟ್ (ಕರೆಂಟ್ ಸೇರಿಸಿ ಬಿಡಿಸುವ ಲೋಹದ ತುದಿ) ಕಪ್ಪಾಗಿ ಕೂತಿತು. ಒಳಗೆ ಇರೋದು ಎರಡು ಕಾಯಿಲ್, ಅಷ್ಟೇ. ಡೈನಮೋ ವೋಲ್ಟೇಜ್ ಬ್ಯಾಟರಿಗಿಂತ ಮೇಲೇರಿದಾಗ ಒಂದು ಕಾಯಿಲ್ ಎರಡನ್ನೂ ಸೇರಿಸುತ್ತದೆ, ಇಳಿದಾಗ ಬಿಡಿಸುತ್ತದೆ; ಬಿಡಿಸದೇ ಹೋದರೆ ಬ್ಯಾಟರಿ ಕರೆಂಟ್ ಡೈನಮೋಗೆ ವಾಪಸ್ ನುಗ್ಗಿ ವೈಂಡಿಂಗ್ ಸುಡಬಹುದು. ಇನ್ನೊಂದು ಕಾಯಿಲ್, ಅಂದರೆ ರೆಗ್ಯುಲೇಟರ್, ಡೈನಮೋ ಒಳಗಿನ ಅಯಸ್ಕಾಂತಕ್ಕೆ ಹೋಗುವ ಫೀಲ್ಡ್ ಕರೆಂಟನ್ನು ಕ್ಷಣಕ್ಷಣಕ್ಕೂ ತಗ್ಗಿಸಿ ಏರಿಸಿ ವೋಲ್ಟೇಜ್ ಹಿಡಿತದಲ್ಲಿಡುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಈ ಪಾಯಿಂಟ್‌ಗಳು ಎಷ್ಟು ಉಜ್ಜಿದರೂ ನಿಲ್ಲಲ್ಲ.

ನನಗೆ ತುಂಬಾ ಹಿಡಿಸಿದ್ದು ಅವರು ಕೆಲಸ ಮಾಡಿದ ರೀತಿ. ಹಳೆ ರೆಗ್ಯುಲೇಟರಿನ ಸ್ಪ್ರಿಂಗ್ ಹತ್ತಿರ ಎರಡು ಲೋಹ ಸೇರಿಸಿದ ಪಟ್ಟಿ ಒಂದಿದೆ. ಬಿಸಿಯಾದಂತೆ ಅದು ಬಾಗಿ ಚಾರ್ಜಿಂಗ್ ವೋಲ್ಟೇಜ್ ಇಳಿಸುತ್ತದೆ, ತಣ್ಣಗಿದ್ದಾಗ ಏರಿಸುತ್ತದೆ, ಬ್ಯಾಟರಿಗೆ ಬೇಕಾದದ್ದೂ ಅದೇ. ಸುಮ್ನೆ ಒಂದೇ ವೋಲ್ಟೇಜಿಗೆ ಸೆಟ್ ಮಾಡಿ ಕೊಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಆದರೆ ಈ ಅಣ್ಣ ಹಳೆ ಡಬ್ಬಿಯನ್ನು ಬಿಸಿ ಮಾಡಿ, ಆರಿಸಿ, ಮತ್ತೆ ಅಳೆದು, ಹೊಸ ಬೋರ್ಡಿನಲ್ಲಿ ಬಿಸಿಗೆ ತಕ್ಕಂತೆ ಬದಲಾಗುವ ಥರ್ಮಿಸ್ಟರ್ ಹಾಕಿ ಅದೇ ಗುಣ ತಂದಿದ್ದಾರೆ. ಸೇರಿಸಿ ಬಿಡಿಸುವ ಪಾಯಿಂಟ್ ಜಾಗದಲ್ಲಿ ಕರೆಂಟನ್ನು ಒಂದೇ ಕಡೆ ಬಿಡುವ ದಪ್ಪ ಡಯೋಡ್. ಡೈನಮೋ ತಾಳುವಷ್ಟೇ ಕರೆಂಟ್ ಎಳೆಯುವಂತೆ ಮಿತಿಯೂ ಇದೆ. ಬೋರ್ಡಿಗೆ ಎರಡೂ ಕಡೆ ವಾರ್ನಿಷ್ ಬಳಿದಿದ್ದಾರೆ. ಕೊನೆಗೆ ಸರ್ಕ್ಯೂಟ್ ಡ್ರಾಯಿಂಗನ್ನೂ ನನ್ನ ಕೈಗೇ ಕೊಟ್ಟರು! ನಾಳೆ ಬೇರೆ ಯಾರಾದರೂ ರಿಪೇರಿ ಮಾಡಬೇಕಲ್ವಾ ಸಾರ್, ಅಂದರು. ಗುಟ್ಟು ಮಾಡಲು ಬೋರ್ಡ್ ಮೇಲೆ ಅಂಟು ಸುರಿದು ಕೊಡುವವರನ್ನು ನೋಡಿದ್ದ ನನಗೆ ಇದು ದೊಡ್ಡ ವಿಷಯ.

ರಾತ್ರಿ ಜೋರು ಮಳೆಯಲ್ಲಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿಕೊಂಡು ಆಗುಂಬೆ ಘಾಟಿ ಹತ್ತಿದೆ. ಚಾರ್ಜಿಂಗ್ ಎಲ್ಲೂ ಬೀಳಲಿಲ್ಲ. ಗಾಡಿ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಟ್ಟರೆ ಮಾತ್ರ ಚಾರ್ಜ್ ಲೈಟ್ ಮಿನುಗುತ್ತದೆ. ಅದು ಡೈನಮೋ ಗುಣ, ಬೋರ್ಡಿನಿಂದ ಸರಿಯಾಗಲ್ಲ ಅಂತ ಅವರು ಮೊದಲೇ ಹೇಳಿದ್ದರು. ಡೈನಮೋ ತೆಗೆದು ಈಗಿನ ಕಾರುಗಳ ಆಲ್ಟರ್ನೇಟರ್ ಹಾಕಿಸಿ ಅನ್ನುವವರು ಹಾಕಿಸಲಿ, ನನಗೆ ಗಾಡಿ ಇದ್ದ ಹಾಗೇ ಇರಬೇಕು.

3,800 ರೂಪಾಯಿ ಕೊಟ್ಟೆ. ಜಾಸ್ತಿ ಅಂತ ಅನ್ನಿಸಲಿಲ್ಲ. ಆದರೆ ಕೆಲಸ ನಿಧಾನ, ಫೋನ್ ಎತ್ತೋದು ಅಪರೂಪ, ಗ್ಯಾರಂಟಿ ಎಲ್ಲ ಬಾಯಿಮಾತು. ಅರ್ಜೆಂಟ್ ಇದ್ದವರಿಗೆ ಆಗಲ್ಲ. ಹೋಗುವಾಗ ಹಳೆ ಕಟೌಟ್ ಎಷ್ಟೇ ಸುಟ್ಟಿದ್ದರೂ ತಗೊಂಡು ಹೋಗಿ, ಬ್ಯಾಟರಿಯ ಯಾವ ತುದಿ (ಪ್ಲಸ್ಸೋ ಮೈನಸ್ಸೋ) ಗಾಡಿಯ ಲೋಹದ ಮೈಗೆ ಅರ್ತ್ ಆಗಿದೆ ಅಂತ ನೋಡಿಕೊಂಡು ಹೋಗಿ. ಬೋರ್ಡ್ ಮಾಡೋದು ಅದನ್ನು ಕೇಳಿಯೇ, ಉಲ್ಟಾ ಆದರೆ ಕೂಡಲೇ ಸುಡುತ್ತದೆ.