ಜೂನ್ 25ಕ್ಕೆ ಪೂರ್ಣ ಅಂಕ, ಮಾರ್ಚ್ 23ಕ್ಕೆ ಇಲ್ಲ: ಒಂದು ದಿನವಿಶೇಷ ಕ್ಯಾಲೆಂಡರಿನ ವಿಮರ್ಶೆ

ಮೇಜಿನ ಮೇಲೆ ನಿಲ್ಲಿಸಬಹುದಾದ, ದಿನಕ್ಕೊಂದರಂತೆ 366 ಪುಟಗಳಿರುವ, ವಾರಗಳನ್ನು ನಮೂದಿಸದ ಕಾರಣ ಯಾವ ವರ್ಷಕ್ಕಾದರೂ ಸಲ್ಲುವ ಕನ್ನಡದ ದಿನವಿಶೇಷ ಕ್ಯಾಲೆಂಡರೊಂದನ್ನು ನಮ್ಮ ಪ್ರೌಢಶಾಲೆಯ ಗ್ರಂಥಾಲಯಕ್ಕೆ ತರಿಸಿ ಬಳಸುತ್ತಿದ್ದೇವೆ. ಪ್ರತಿ ಪುಟದಲ್ಲಿ ಆ ತಾರೀಖಿನಂದು ನಡೆದ ಐತಿಹಾಸಿಕ ಘಟನೆಗಳು, ಹುಟ್ಟಿದವರ ಹೆಸರುಗಳು ಮತ್ತು ಒಂದು ಕ್ರೀಡಾ ಸಾಧನೆ ಇರುತ್ತವೆ. ಬೆಳಗಿನ ಪ್ರಾರ್ಥನೆಯಲ್ಲಿ ಸುಭಾಷಿತ ಮತ್ತು ವಾರ್ತೆಗಳ ನಂತರ ಮಕ್ಕಳು ಓದುವ ದಿನವಿಶೇಷಕ್ಕೆ ಇದುವರೆಗೆ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಅವುಗಳಲ್ಲಿ ಸತ್ಯವೆಷ್ಟು, ಊಹೆಯೆಷ್ಟು ಎಂದು ವಿಂಗಡಿಸುವುದೇ ಶಿಕ್ಷಕರಿಗೆ ದೊಡ್ಡ ಕೆಲಸವಾಗಿತ್ತು. ಅಚ್ಚಾದ, ಸಂಪಾದಕರ ಕಣ್ಣಿಗೆ ಬಿದ್ದು ಹೊರಬಂದ ಒಂದು ಆಕರ ಕನ್ನಡದಲ್ಲಿಯೇ ಸಿಗುವುದು ಸಣ್ಣ ಸಂಗತಿಯಲ್ಲ.

ಇಂಥ ಕ್ಯಾಲೆಂಡರನ್ನು ಅಳೆಯಲು ನನ್ನ ಮಾನದಂಡ ಒಂದೇ. ಒಂದೇ ತಾರೀಖಿನ ಹಲವು ಸಂಗತಿಗಳನ್ನು ಪಟ್ಟಿ ಮಾಡುವುದು ಯಾರಿಗಾದರೂ ಸಾಧ್ಯ. ಆದರೆ ಆ ಸಂಗತಿಗಳು ಒಂದರ ಪಕ್ಕದಲ್ಲಿ ಇನ್ನೊಂದು ನಿಂತಾಗ ಓದುಗನಿಗೆ ಹೊಸದೇನಾದರೂ ಕಾಣಿಸಬೇಕು. ಹಾಗೆ ಕಾಣಿಸುವಂತೆ ಮಾಡುವುದು ಸಂಪಾದಕನ ಆಯ್ಕೆ, ಮತ್ತು ಆ ಆಯ್ಕೆಗಾಗಿಯೇ ನಾವು ಹಣ ಕೊಡುತ್ತೇವೆ.

ಈ ದೃಷ್ಟಿಯಿಂದ ಜೂನ್ 25ರ ಪುಟ ಇಡೀ ಕ್ಯಾಲೆಂಡರಿನಲ್ಲಿ ಅತ್ಯುತ್ತಮವಾದುದು. ಆ ದಿನ ಎಂದೊಡನೆ ಎಲ್ಲರ ನೆನಪಿಗೆ ಬರುವುದು 1983ರ ವಿಶ್ವಕಪ್ ಫೈನಲ್. ಕ್ಯಾಲೆಂಡರ್ ಅದನ್ನು ಹೇಳುವ ಮೊದಲು 1932ರ ಜೂನ್ 25ಕ್ಕೆ ಹೋಗುತ್ತದೆ. ಅಂದು ಸಿ.ಕೆ. ನಾಯುಡು ಅವರ ನಾಯಕತ್ವದಲ್ಲಿ ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಆಡಲು ಇಳಿದದ್ದು ಇದೇ ಲಾರ್ಡ್ಸ್ ಮೈದಾನದಲ್ಲಿ. ಮೊಹಮ್ಮದ್ ನಿಸಾರ್ ಆರಂಭದಲ್ಲಿಯೇ ಇಂಗ್ಲೆಂಡನ್ನು ನಡುಗಿಸಿ, 19 ರನ್ನಿಗೆ ಮೂರು ವಿಕೆಟ್ ಉರುಳಿದ್ದವು. ಇನಿಂಗ್ಸ್ ಮುಗಿಯುವ ಹೊತ್ತಿಗೆ ಅವರ ಲೆಕ್ಕಕ್ಕೆ 93 ರನ್ನಿಗೆ 5 ವಿಕೆಟ್ ಸೇರಿದ್ದವು. ಆದರೂ ಭಾರತ 158 ರನ್ನುಗಳಿಂದ ಸೋತಿತು. ಸೋಲಿನ ನಡುವೆ ಅಮರ್ ಸಿಂಗ್ ಎರಡನೇ ಇನಿಂಗ್ಸಿನಲ್ಲಿ ಗಳಿಸಿದ 51 ರನ್, ಭಾರತೀಯನೊಬ್ಬ ದೇಶದ ಪರವಾಗಿ ಟೆಸ್ಟಿನಲ್ಲಿ ಗಳಿಸಿದ ಮೊದಲ ಅರ್ಧಶತಕವಾಯಿತು. ಸರಿಯಾಗಿ 51 ವರ್ಷಗಳ ನಂತರ, ಅದೇ ತಾರೀಖಿನಂದು, ಅದೇ ಮೈದಾನದಲ್ಲಿ, ಅದೂ ಮತ್ತೊಂದು ಶನಿವಾರದಂದು ಕಪಿಲ್ ದೇವ್ ಅವರ ತಂಡ ಕೇವಲ 183 ರನ್ನಿಗೆ ಆಲೌಟಾಗಿ, ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿ, 43 ರನ್ನುಗಳಿಂದ ಗೆದ್ದಿತು. ಎರಡೂ ಪಂದ್ಯಗಳನ್ನು ಒಟ್ಟಿಗೆ ಓದಿದವರಿಗೆ 1983ರ ಗೆಲುವು ಆಕಸ್ಮಿಕವಾಗಿ ಆಕಾಶದಿಂದ ಬಿದ್ದದ್ದಲ್ಲ, ಅರ್ಧ ಶತಮಾನದ ಹಿಂದೆ ಅದೇ ಹುಲ್ಲಿನ ಮೇಲೆ ಶುರುವಾದ ದಾರಿಯೊಂದು ತಲುಪಿದ ಊರು ಎಂಬುದು ತಾನಾಗಿ ಮನದಟ್ಟಾಗುತ್ತದೆ.

ಕರ್ನಾಟಕದ ಇಬ್ಬರನ್ನು ಪುಟ ಮರೆತಿಲ್ಲ ಎಂಬುದೂ ಸಂತೋಷದ ವಿಷಯ. ಇಡೀ ಟೂರ್ನಿಯಲ್ಲಿ 18 ವಿಕೆಟ್ ಪಡೆದು ಎಲ್ಲ ದೇಶಗಳ ಬೌಲರ್‌ಗಳಿಗಿಂತ ಮುಂದೆ ನಿಂತವರು ಬೆಂಗಳೂರಿನ ರೋಜರ್ ಬಿನ್ನಿ. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ಅವರನ್ನು ಔಟ್ ಮಾಡಿದವರೂ ಅವರೇ. ಸ್ಟಂಪಿನ ಹಿಂದೆ ಇದ್ದವರು ಸೈಯದ್ ಕಿರ್ಮಾನಿ. ಮದನ್ ಲಾಲ್ ಅವರ ಎಸೆತದಲ್ಲಿ ವಿವಿಯನ್ ರಿಚರ್ಡ್ಸ್ ಎತ್ತಿ ಹೊಡೆದ ಚೆಂಡನ್ನು ಕಪಿಲ್ ಹಿಂದಕ್ಕೆ ಓಡುತ್ತ ಹಿಡಿದ ಕ್ಯಾಚಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದು ಸಹಜವೇ; ಆದರೆ ಮೊಹಿಂದರ್ ಅಮರನಾಥ್ ಏಳು ಓವರುಗಳಲ್ಲಿ 12 ರನ್ ಮಾತ್ರ ಕೊಟ್ಟು ಮೂರು ವಿಕೆಟ್ ಪಡೆದದ್ದನ್ನು ಅಂಕಿಗಳೊಂದಿಗೆ ಹೇಳುವ ತಾಳ್ಮೆ ಈ ಸಂಪಾದಕರಿಗಿದೆ.

ಅದೇ ಪುಟದ ಮಧ್ಯಭಾಗದಲ್ಲಿ 1975ರ ತುರ್ತುಪರಿಸ್ಥಿತಿ ಇದೆ, ಮತ್ತು ಇಲ್ಲಿ ಸಂಪಾದಕರು ತೋರಿದ ಎಚ್ಚರಿಕೆಯನ್ನು ಮೆಚ್ಚಲೇಬೇಕು. ಹಲವು ಪಟ್ಟಿಗಳಲ್ಲಿ ಈ ಘಟನೆ ಜೂನ್ 26ರಂದು ಕಾಣಿಸುತ್ತದೆ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಂವಿಧಾನದ 352ನೇ ವಿಧಿಯ ಅಡಿಯಲ್ಲಿ ಘೋಷಣೆಗೆ ಸಹಿ ಹಾಕಿದ್ದು 25ರ ತಡರಾತ್ರಿ. ಪ್ರಧಾನಿ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಅದನ್ನು ದೇಶಕ್ಕೆ ತಿಳಿಸಿದ್ದು 26ರ ಬೆಳಿಗ್ಗೆ. ಕ್ಯಾಲೆಂಡರ್ ಘಟನೆಯನ್ನು 25ರಲ್ಲಿಟ್ಟು, ಮರುದಿನದ ಪುಟದಲ್ಲಿ ಭಾಷಣವನ್ನು ಮತ್ತು ಬಂಧನಗಳನ್ನು ಇಡುತ್ತದೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ ಮತ್ತು ಲಾಲ್ ಕೃಷ್ಣ ಆಡ್ವಾಣಿ ಅವರನ್ನು ಬಂಧಿಸಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇರಿಸಿದ್ದು 26ರ ಪುಟದ ಮುಖ್ಯ ಸಂಗತಿ. ಆ ಕಾರಾಗೃಹವೇ ಇಂದಿನ ಫ್ರೀಡಂ ಪಾರ್ಕ್. ಅದೇ ಜೈಲಿನಲ್ಲಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿ ಅವರ ಹೆಸರೂ ಅಲ್ಲಿದೆ. ಉದ್ಯಾನದಲ್ಲಿ ನಡೆದಾಡುವ ನಮ್ಮ ಮಕ್ಕಳಿಗೆ ತಾವು ನಿಂತ ನೆಲ ಯಾವುದು ಎಂದು ಗೊತ್ತಿರಬೇಕು. ಆ ಕೆಲಸವನ್ನು ಈ ಎರಡು ಪುಟಗಳು ನಾಲ್ಕಾರು ಸಾಲುಗಳಲ್ಲಿ ಮಾಡಿವೆ.

ಜೂನ್ 25ರ ಜನ್ಮದಿನಗಳು ಮಾತ್ರ ಬರಿ ಹೆಸರುಗಳಾಗಿ ಉಳಿದಿವೆ: ಮೌಂಟ್‌ಬ್ಯಾಟನ್, ಸುಚೇತಾ ಕೃಪಲಾನಿ, ವಿ.ಪಿ. ಸಿಂಗ್. ದೇಶದ ಯಾವುದೇ ರಾಜ್ಯದ ಮೊದಲ ಮಹಿಳಾ ಮುಖ್ಯಮಂತ್ರಿಯಾದವರು ಸುಚೇತಾ ಎಂಬ ಒಂದು ವಾಕ್ಯಕ್ಕಾದರೂ ಜಾಗ ಮಾಡಬಹುದಾಗಿತ್ತು.

ಇಷ್ಟು ಒಳ್ಳೆಯ ಪುಟವನ್ನು ಕಟ್ಟಬಲ್ಲವರು ಮಾರ್ಚ್ 23ರಲ್ಲಿ ಎಡವಿರುವುದು ನನಗೆ ನಿಜವಾಗಿ ಬೇಸರ ತಂದಿತು. ಅಲ್ಲಿ 1931ರಂದು ಲಾಹೋರಿನ ಜೈಲಿನಲ್ಲಿ ಭಗತ್ ಸಿಂಗ್, ರಾಜಗುರು ಮತ್ತು ಸುಖದೇವ್ ಅವರನ್ನು ಗಲ್ಲಿಗೇರಿಸಿದ ವಿಷಯ ಇದೆ. ಕೆಳಗೆ, 1910ರಲ್ಲಿ ರಾಮಮನೋಹರ ಲೋಹಿಯಾ ಜನಿಸಿದರು ಎಂಬ ಒಂದು ಸಾಲು ಇದೆ. ಎರಡರ ನಡುವಿನ ಕೊಂಡಿಯೇ ಇಲ್ಲ. ತಮ್ಮ ಹುಟ್ಟುಹಬ್ಬದ ದಿನವೇ ಆ ಮೂವರ ಬಲಿದಾನದ ದಿನವಾದ್ದರಿಂದ ಲೋಹಿಯಾ ಅದನ್ನು ಆಚರಿಸಲು ಒಪ್ಪುತ್ತಿರಲಿಲ್ಲ ಎಂಬುದು ಸಮಾಜವಾದಿ ವಲಯದಲ್ಲಿ ಎಲ್ಲರಿಗೂ ತಿಳಿದ ಮಾತು. ಒಂದೇ ತಾರೀಖು ಒಬ್ಬ ವ್ಯಕ್ತಿಯ ಬದುಕಿನ ನಡೆಯನ್ನೇ ತಿದ್ದಿದ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಂಥ ಕ್ಯಾಲೆಂಡರಿಗೆ ಬೇರೆಲ್ಲಿ ಸಿಗುತ್ತದೆ? 1951ರಲ್ಲಿ ಸಾಗರದ ಬಳಿಯ ಕಾಗೋಡಿಗೆ ಬಂದು, ಗೇಣಿದಾರರ ಸತ್ಯಾಗ್ರಹದಲ್ಲಿ ಭಾಗವಹಿಸಿ ಬಂಧನಕ್ಕೊಳಗಾದ ಲೋಹಿಯಾ ಕನ್ನಡ ಓದುಗರಿಗೆ ದೂರದವರೂ ಅಲ್ಲ. 1940ರ ಮಾರ್ಚ್ 23ರಂದು ಅದೇ ಲಾಹೋರಿನಲ್ಲಿ ಮುಸ್ಲಿಂ ಲೀಗಿನ ಲಾಹೋರ್ ನಿರ್ಣಯ ಮಂಡನೆಯಾಯಿತು, ಪಾಕಿಸ್ತಾನ ಈಗಲೂ ಆ ದಿನವನ್ನು ರಾಷ್ಟ್ರೀಯ ದಿನವಾಗಿ ಆಚರಿಸುತ್ತದೆ; ಅದರ ಸುಳಿವೂ ಪುಟದಲ್ಲಿಲ್ಲ. ಒಂಬತ್ತೇ ವರ್ಷಗಳ ಅಂತರದಲ್ಲಿ ಒಂದೇ ನಗರ, ಒಂದೇ ತಾರೀಖು, ಎರಡು ರಾಷ್ಟ್ರಗಳ ಎರಡು ನೆನಪುಗಳು. ಇವನ್ನು ಅಕ್ಕಪಕ್ಕ ಇಟ್ಟಿದ್ದರೆ ಹತ್ತನೇ ತರಗತಿಯ ಇತಿಹಾಸದ ಒಂದು ಪಾಠವೇ ಆಗುತ್ತಿತ್ತು.

ಇನ್ನೂ ದೊಡ್ಡ ಲೋಪ ಕ್ರೀಡೆಯ ಅಂಕಣದಲ್ಲಿದೆ. 1980ರ ಮಾರ್ಚ್ 23ರಂದು ಪ್ರಕಾಶ್ ಪಡುಕೋಣೆ ಲಂಡನ್ನಿನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಕನ್ನಡದಲ್ಲಿ ಅಚ್ಚಾದ ಕ್ಯಾಲೆಂಡರಿನಲ್ಲಿ ಆ ದಿನದ ಕ್ರೀಡಾ ಅಂಕಣಕ್ಕೆ ಯಾವುದೋ ಏಕದಿನ ಪಂದ್ಯದ ಸ್ಕೋರು ಬಂದಿದೆ. ಕ್ರಿಕೆಟ್ಟಿನ ಮೇಲೆ ನನಗೆ ಯಾರಿಗೂ ಕಡಿಮೆಯಿಲ್ಲದ ಪ್ರೀತಿ ಇದೆ. ಆದರೂ ಹಾಕಿ, ಬ್ಯಾಡ್ಮಿಂಟನ್ ಮತ್ತು ಅಥ್ಲೆಟಿಕ್ಸ್‌ಗಳನ್ನು ಬದಿಗೆ ಸರಿಸುವಷ್ಟು ಕ್ರಿಕೆಟ್ ಇಲ್ಲಿ ತುಂಬಿದೆ ಎಂದು ಹೇಳದೆ ವಿಧಿಯಿಲ್ಲ. ಆಗಸ್ಟ್ 29ರಂದು ಧ್ಯಾನ್‌ಚಂದ್ ಇದ್ದಾರೆ, ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ ಗೆದ್ದ ಚಿನ್ನ ಇದೆ, ಅಷ್ಟರಲ್ಲಿಯೇ ಸಂಪಾದಕರು ತೃಪ್ತರಾದಂತೆ ತೋರುತ್ತದೆ.

ತಾರೀಖುಗಳ ನಿಖರತೆಯ ವಿಚಾರದಲ್ಲಿ ಕ್ಯಾಲೆಂಡರ್ ಬಹುಮಟ್ಟಿಗೆ ನಂಬಲರ್ಹ, ಆದರೆ ಹಳೆಯ ಶತಮಾನಗಳಿಗೆ ಹೋದಂತೆ ಎಚ್ಚರ ತಪ್ಪುತ್ತದೆ. ಏಪ್ರಿಲ್ 23ರ ಪುಟ ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ 1616ರಲ್ಲಿ ಒಂದೇ ದಿನ ಕೊನೆಯುಸಿರೆಳೆದರು ಎನ್ನುತ್ತದೆ. ಸ್ಪೇನ್ ಅಷ್ಟು ಹೊತ್ತಿಗೆ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಗಿತ್ತು, ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿತ್ತು. ತಾರೀಖು ಒಂದೇ ಆದರೂ ಆ ಎರಡು ದಿನಗಳ ನಡುವೆ ಹತ್ತು ದಿನಗಳ ಅಂತರವಿತ್ತು. ನ್ಯೂಟನ್ ಡಿಸೆಂಬರ್ 25ರಲ್ಲಿಯೂ ಜನವರಿ 4ರಲ್ಲಿಯೂ ಯಾವ ವಿವರಣೆಯೂ ಇಲ್ಲದೆ ಎರಡು ಸಲ ಹುಟ್ಟಿದ್ದಾರೆ, ಕಾರಣ ಇದೇ. ಅಮಾವಾಸ್ಯಾಂತ ಮತ್ತು ಹುಣ್ಣಿಮಾಂತ ಮಾಸಗಳ ವ್ಯತ್ಯಾಸವನ್ನು ಬಲ್ಲ ನಮ್ಮ ಓದುಗರಿಗೆ ಒಂದೇ ಕ್ಷಣಕ್ಕೆ ಎರಡು ಲೆಕ್ಕಗಳಿರುತ್ತವೆ ಎಂದು ವಿವರಿಸುವುದು ಕಷ್ಟವೇನಲ್ಲ. ಅಡಿಯಲ್ಲಿ ಒಂದು ಟಿಪ್ಪಣಿ ಸಾಕಾಗಿತ್ತು.

ಬಸವ ಜಯಂತಿ, ಕನಕ ಜಯಂತಿಗಳು ಈ ಕ್ಯಾಲೆಂಡರಿನಲ್ಲಿ ಇಲ್ಲ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಈ ಒಂದು ವಿಷಯದಲ್ಲಿ ನಾನು ಸಂಪಾದಕರ ಪರ. ಅಕ್ಷಯ ತದಿಗೆಯಂದು ಬರುವ ಬಸವ ಜಯಂತಿಯೂ ಕಾರ್ತಿಕ ಮಾಸದ ಕನಕ ಜಯಂತಿಯೂ ತಿಥಿಯನ್ನು ಅನುಸರಿಸಿ ವರ್ಷ ವರ್ಷವೂ ಬೇರೆ ತಾರೀಖಿಗೆ ಸರಿಯುತ್ತವೆ. ಅವನ್ನು ಒಂದು ಪುಟಕ್ಕೆ ಕಟ್ಟಿಹಾಕಿದರೆ ಮರುವರ್ಷವೇ ಪುಟ ಸುಳ್ಳಾಗುತ್ತದೆ. ಜೂನ್ 27ರ ಕೆಂಪೇಗೌಡ ಜಯಂತಿಯಂತೆ ಸರ್ಕಾರ ತಾರೀಖನ್ನೇ ನಿಗದಿಪಡಿಸಿರುವ ಆಚರಣೆಗಳು ಮಾತ್ರ ಒಳಗೆ ಬಂದಿರುವುದು ಸರಿಯಾದ ನಿರ್ಧಾರ.

ಕನ್ನಡದ ಓದುಗರಿಗೆಂದೇ ಆಯ್ದ ಪುಟಗಳಲ್ಲಿ ಎರಡನ್ನು ವಿಶೇಷವಾಗಿ ಹೇಳಬೇಕು. ಏಪ್ರಿಲ್ 24ರಂದು 1929ರಲ್ಲಿ ಗಾಜನೂರಿನ ಡಾ. ರಾಜಕುಮಾರ್, 1973ರಲ್ಲಿ ಸಚಿನ್ ತೆಂಡೂಲ್ಕರ್ ಹುಟ್ಟಿದ್ದನ್ನು ಅಭಿಮಾನಿಗಳು ಬಲ್ಲರು; 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು, ಗ್ರಾಮ ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಸಿಕ್ಕಿದ್ದೂ ಅದೇ ತಾರೀಖಿನಂದು ಎಂಬುದನ್ನು ಪುಟ ಅವರ ಪಕ್ಕದಲ್ಲಿಯೇ ದಪ್ಪ ಅಕ್ಷರದಲ್ಲಿ ಇಟ್ಟಿದೆ. ನವೆಂಬರ್ 1ರ ಪುಟ 1956ರ ಏಕೀಕರಣದಿಂದ ಶುರುವಾಗುತ್ತದೆ, ಆಂಧ್ರಪ್ರದೇಶ ಮತ್ತು ಕೇರಳಗಳೂ ಅದೇ ದಿನ ರೂಪುಗೊಂಡದ್ದನ್ನು ಹೇಳುತ್ತದೆ, 1973ರ ಅದೇ ತಾರೀಖಿನಂದು ಮೈಸೂರು ರಾಜ್ಯ ಕರ್ನಾಟಕವಾದದ್ದಕ್ಕೆ ಬರುತ್ತದೆ. ಆ ಹೆಸರು ಬಂದ ದಿನವೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು ಎಂಬ ಮಾಹಿತಿ ನಮ್ಮ ವಿದ್ಯಾರ್ಥಿನಿಯರಿಗೆ ಎಷ್ಟು ಹಿಡಿಸಿತೆಂದರೆ, ರಾಜ್ಯೋತ್ಸವದ ಭಾಷಣಗಳಲ್ಲಿ 1973ನ್ನು 1956ರೊಂದಿಗೆ ಬೆರೆಸುವ ಹಳೆಯ ಗೊಂದಲ ಈ ಸಲ ಕೇಳಿಬರಲಿಲ್ಲ.

ಮುದ್ರಣ ಸ್ವಚ್ಛವಾಗಿದೆ, ಒತ್ತಕ್ಷರಗಳು ಒಡೆದಿಲ್ಲ, ಕಾಗದಕ್ಕೆ ಸಾಕಷ್ಟು ದಪ್ಪವಿದೆ. ಸ್ಪೈರಲ್ ತಂತಿ ಮಾತ್ರ ಸಪೂರವಾದುದು. ಹತ್ತಾರು ಮಕ್ಕಳು ತಿರುವುವ ಕಡೆ ಕೆಳಗಿನ ಮೂರ್ನಾಲ್ಕು ಸುರುಳಿಗಳು ಬಿಚ್ಚಿಕೊಂಡು, ಅಕ್ಟೋಬರಿನ ಹಾಳೆಗಳು ಜೋತುಬಿದ್ದಿವೆ. 480 ರೂಪಾಯಿ ಬೆಲೆ ಒಂದು ವರ್ಷದ ವಸ್ತುವಿಗೆ ದುಬಾರಿ, ಪ್ರತಿ ವರ್ಷ ಬಳಸಬಹುದಾದದ್ದಕ್ಕೆ ನ್ಯಾಯವಾದದ್ದು. ಮನೆಯ ಮೇಜಿಗೆ ಇದನ್ನು ಈಗಲೇ ಕೊಳ್ಳಬಹುದು. ಶಾಲೆಗಳು ಮತ್ತು ಸಾರ್ವಜನಿಕ ಗ್ರಂಥಾಲಯಗಳು ಗಟ್ಟಿ ತಂತಿಯ, ಮಾರ್ಚ್ 23 ಮತ್ತು ಏಪ್ರಿಲ್ 23ರ ಪುಟಗಳನ್ನು ತಿದ್ದಿದ ಮರುಮುದ್ರಣಕ್ಕೆ ಕಾಯುವುದು ಒಳಿತು. ಈಗಾಗಲೇ ಕೊಂಡವರು ಮಾರ್ಚ್ 23ರ ಕ್ರೀಡಾ ಅಂಕಣದ ಮೇಲೆ ಪಡುಕೋಣೆ ಅವರ ಗೆಲುವನ್ನು ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳಬೇಕೆಂದು ನನ್ನ ಒತ್ತಾಯ.