ಚಿತ್ರ ಸೂಪರ್, ಆದರೆ ವಾರ್ತೆ ಹಾಕೋದೇ ಕಷ್ಟ: 2 ವರ್ಷ ಬಳಸಿದ ಸ್ಮಾರ್ಟ್ ಟಿವಿ ಬಗ್ಗೆ

ಈ 55 ಇಂಚಿನ ಸ್ಮಾರ್ಟ್ ಟಿವಿ ನಮ್ಮ ಮನೆಗೆ ಬಂದು ಎರಡು ವರ್ಷ ಆಯ್ತು. ಕಂಪನಿ ಹೆಸರು ಬರೆಯುತ್ತಿಲ್ಲ. ನೆಂಟರ ಮನೆ, ಸ್ನೇಹಿತರ ಮನೆ ಅಂತ ಬೇರೆ ಮೂರ್ನಾಲ್ಕು ಕಂಪನಿಯ ಟಿವಿಗಳನ್ನೂ ನೋಡಿದ್ದೇನೆ, ಹೆಚ್ಚು ಕಮ್ಮಿ ಎಲ್ಲ ಕಡೆ ಇದೇ ಗೋಳು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಚಿತ್ರ ನಿಜಕ್ಕೂ ಚೆನ್ನಾಗಿದೆ. 4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳು. ಎರಡು ವರ್ಷದಲ್ಲಿ ಅದರಲ್ಲಿ ಒಂದೂ ಸತ್ತಿದ್ದು ಕಾಣಿಸಿಲ್ಲ. ಹಗಲು ಕಿಟಕಿ ತೆಗೆದಿದ್ದರೂ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಗಾಜಿನ ವಿಷಯದಲ್ಲಿ ನನಗೆ ಒಂದು ದೂರೂ ಇಲ್ಲ.

ದೂರು ಇರೋದು ಆ ಗಾಜಿನ ಹಿಂದೆ ತುಂಬಿರುವ ಸಾಫ್ಟ್‌ವೇರ್ ಬಗ್ಗೆ.

ನಮ್ಮ ಅಮ್ಮನಿಗೆ ರಾತ್ರಿ ವಾರ್ತೆ ನೋಡಬೇಕು, ಅಷ್ಟೆ. ಹಳೇ ಟಿವಿಯಲ್ಲಿ ಬಟನ್ ಒತ್ತಿದರೆ ನಿನ್ನೆ ಬಿಟ್ಟ ಚಾನೆಲ್ ಬರುತ್ತಿತ್ತು. ಇದರಲ್ಲಿ ಒತ್ತಿದ ಕೂಡಲೇ ಕಂಪನಿಯ ಲೋಗೋ ಬರುತ್ತದೆ, ಆಮೇಲೆ ಕಪ್ಪು ಪರದೆ, ಆಮೇಲೆ ಹೋಮ್ ಸ್ಕ್ರೀನ್, ಅದರ ಅರ್ಧ ಭಾಗ ಯಾವುದೋ ಸಿನಿಮಾದ ಜಾಹೀರಾತು. ಅಮ್ಮ ಸೆಟ್‌ಟಾಪ್ ಬಾಕ್ಸ್ ಹುಡುಕೋಣ ಅಂತ ಬಾಣದ ಬಟನ್ ಒತ್ತುತ್ತಾರೆ, ಟಿವಿ ಇನ್ನೂ ಪೂರ್ತಿ ಎಚ್ಚರ ಆಗಿರೋದಿಲ್ಲ, ಏನೂ ಆಗೋದಿಲ್ಲ, ಅಂತ ಇನ್ನೆರಡು ಸಲ ಒತ್ತುತ್ತಾರೆ, ಆಗ ಮೂರೂ ಒಟ್ಟಿಗೆ ತಲುಪಿ ಎಲ್ಲೋ ಹೋಗಿ ನಿಲ್ಲುತ್ತದೆ, ಜಾಹೀರಾತು ಜೋರಾಗಿ ಓಡೋಕೆ ಶುರು ಮಾಡುತ್ತದೆ. ಒಂದು ರಾತ್ರಿ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ನೋಡಿದೆ. ವಾರ್ತೆ ಕಾಣಿಸೋಕೆ 48 ಸೆಕೆಂಡ್. ಅಪ್‌ಡೇಟ್ ಆದ ಮಾರನೇ ದಿನ ಇನ್ನೂ ಕೆಟ್ಟದು, ಹೊಸ ನಿಯಮ ಒಪ್ಪಿಕೊಳ್ಳಿ ಅಂತ ಪುಟಗಟ್ಟಲೆ ಅಕ್ಷರ. "ಬಾ ಇಲ್ಲಿ, ಇದು ಏನೋ ಕೇಳ್ತಿದೆ" ಅಂತ ಅಮ್ಮ ಕರೆಯುತ್ತಾರೆ. ಮನೆಯಲ್ಲಿ ನಾನಿಲ್ಲದಿದ್ದರೆ ಆ ದಿನ ವಾರ್ತೆ ಇಲ್ಲ. ದುಡ್ಡು ಕೊಟ್ಟು ತಂದ ವಸ್ತು, ವಯಸ್ಸಾದವರು ಅದರ ಮುಂದೆ ಹೆದರಿಕೊಂಡು ಕೂರಬೇಕು ಅಂದರೆ ನನಗೆ ತುಂಬಾ ಬೇಜಾರಾಗುತ್ತದೆ.

ಇನ್ನು ರಿಮೋಟ್. ಇದರಲ್ಲಿ 1, 2, 3 ಅಂತ ಅಂಕಿಗಳೇ ಇಲ್ಲ. ಅದರ ಬದಲು ಕೆಳಗೆ ನಾಲ್ಕು ಬಣ್ಣದ ಆ್ಯಪ್ ಬಟನ್‌ಗಳಿವೆ. ಈ ಜಾಗಕ್ಕಾಗಿ ಆ್ಯಪ್ ಕಂಪನಿಗಳು ಟಿವಿ ಕಂಪನಿಗಳಿಗೆ ದುಡ್ಡು ಕೊಡುತ್ತವೆ. ನಾಲ್ಕರಲ್ಲಿ ಎರಡಕ್ಕೆ ನಾವು ಚಂದಾ ಕಟ್ಟಿಲ್ಲ, ಕಟ್ಟೋದೂ ಇಲ್ಲ. ಆದರೆ ವಾಲ್ಯೂಮ್ ಬಟನ್ ಸರಿಯಾಗಿ ಅವುಗಳ ಮೇಲಿದೆ. ಕತ್ತಲಲ್ಲಿ ಹೆಬ್ಬೆರಳು ಒಂದು ಚೂರು ಜಾರಿದರೆ ಸಾಕು, ನೋಡುತ್ತಿದ್ದುದು ಮಾಯ, ಲಾಗಿನ್ ಆಗಿ ಅಂತ ಕೆಂಪು ಪರದೆ. ಆ ಬಟನ್‌ಗೆ ಬೇರೆ ಕೆಲಸ ಕೊಡೋಣ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಅವಕಾಶವೇ ಇಲ್ಲ. ಕೊನೆಗೆ ಅಮ್ಮ ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಕತ್ತರಿಸಿ ಆ ಎರಡು ಬಟನ್ ಮೇಲೆ ಅಂಟಿಸಿದ್ದಾರೆ. ಬೆರಳಿಗೆ ಬಟ್ಟೆ ಹಾಗೆ ತಾಗಿದರೆ ಇಲ್ಲಿ ಒತ್ತಬಾರದು ಅಂತ ಗೊತ್ತಾಗುತ್ತದೆ. ಎರಡು ವರ್ಷದಲ್ಲಿ ಈ ರಿಮೋಟ್‌ಗೆ ಆದ ಒಳ್ಳೆಯ ಬದಲಾವಣೆ ಅದೊಂದೇ.

1956ರಲ್ಲಿ ಝೆನಿತ್ ಕಂಪನಿ ಸ್ಪೇಸ್ ಕಮಾಂಡ್ ಅಂತ ಒಂದು ರಿಮೋಟ್ ತಂದಿತ್ತು. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ. ಬಟನ್ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು, ಮನುಷ್ಯರ ಕಿವಿಗೆ ಕೇಳಿಸದ ಒಂದು ದನಿ ಹೊರಡುತ್ತಿತ್ತು, ಟಿವಿ ಅದನ್ನು ಹಿಡಿದು ಚಾನೆಲ್ ಬದಲಿಸುತ್ತಿತ್ತು. ಒಂದು ಬಟನ್‌ಗೆ ಒಂದು ಕೆಲಸ. ಅದೂ ನೋಡುವವನ ಕೆಲಸ. ನನಗೆ ಬೇಕಿರೋದೂ ಅಷ್ಟೇ ಅಲ್ವಾ?

ಸಿನಿಮಾ ನೋಡುವವರು ಇದೊಂದು ಗಮನಿಸಿ. ಹೊಸ ಟಿವಿಯಲ್ಲಿ ಒಳ್ಳೆಯ ಸಿನಿಮಾ ಕೂಡ ಧಾರಾವಾಹಿ ಶೂಟಿಂಗ್ ಥರ ಕಾಣಿಸುತ್ತದೆ, ಎಲ್ಲ ಏನೋ ಜಾರಿದ ಹಾಗೆ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ನದು, ಅಂದರೆ 24 ಬಿಡಿ ಚಿತ್ರಗಳದು. ಟಿವಿ ಪರದೆ ಸೆಕೆಂಡಿಗೆ 60 ಸಲವೋ 120 ಸಲವೋ ಬದಲಾಗುತ್ತದೆ. ನಡುವಿನ ಖಾಲಿ ಜಾಗಕ್ಕೆ ಟಿವಿ ತಾನೇ ಊಹಿಸಿ ಫ್ರೇಮ್ ಹುಟ್ಟಿಸುತ್ತದೆ. ಯಾರಾದರೂ ಕೈ ಬೀಸಿದರೆ ಬೆರಳಿನ ಅಂಚು ಕರಗಿದಂತೆ ಕಾಣೋದು ಅದಕ್ಕೇ. ಆಟ ನೋಡುವಾಗ ಇದು ಪರವಾಗಿಲ್ಲ, ಸಿನಿಮಾಗೆ ಬೇಡವೇ ಬೇಡ. ನನ್ನ ಟಿವಿಯಲ್ಲಿ ಕಂಪನಿಯಿಂದಲೇ ಆನ್ ಆಗಿ ಬಂದಿತ್ತು. ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿರುತ್ತಾರೆ, ಚಿತ್ರದ ಸೆಟ್ಟಿಂಗ್ಸ್‌ನಲ್ಲಿ 'ಮೋಷನ್' ಅಂತ ಏನಿದ್ದರೂ ತೆಗೆದು ನೋಡಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಇನ್ನೂ ಸುಲಭ, 2019ರಲ್ಲಿ ಪ್ರಕಟವಾದ ಈ ವ್ಯವಸ್ಥೆ ಇಂಥ ಕೈಚಳಕವನ್ನೆಲ್ಲ ಒಟ್ಟಿಗೆ ಆಫ್ ಮಾಡುತ್ತದೆ.

ಸದ್ದು ಸುಮಾರು. ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಇಲ್ಲ, ಸದ್ದು ನಮ್ಮ ಕಡೆ ಬರದೆ ನೆಲದ ಕಡೆ ಹೋಗುತ್ತದೆ, ಮಾತು ಸ್ಪಷ್ಟವಾಗಿ ಕೇಳಲ್ಲ.

ಆದರೆ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ನಾವು ಏನು ನೋಡುತ್ತೇವೆ ಅಂತ ಈ ಟಿವಿ ನೋಡುತ್ತಿರುತ್ತದೆ. ಪರದೆ ಮೇಲಿನ ಚಿತ್ರದ ಗುರುತನ್ನು ಆಗಾಗ ತೆಗೆದು ಕಂಪನಿಗೆ ಕಳಿಸುತ್ತದೆ, ಅಲ್ಲಿ ಇದು ಯಾವ ಕಾರ್ಯಕ್ರಮ ಅಂತ ಹೋಲಿಸಿ ನೋಡುತ್ತಾರೆ. ಎಚ್‌ಡಿಎಂಐನಲ್ಲಿ, ಅಂದರೆ ಸೆಟ್‌ಟಾಪ್ ಬಾಕ್ಸ್ ಥರದವನ್ನು ಚುಚ್ಚುವ ಕಿಂಡಿಯಲ್ಲಿ, ಬರುವ ಚಿತ್ರವನ್ನೂ ಗುರುತಿಸಬಲ್ಲದು. ಇದು ಸುಮ್ನೆ ಹೆದರಿಸೋ ಮಾತಲ್ಲ. ಒಂದು ಕೋಟಿಗೂ ಹೆಚ್ಚು ಟಿವಿಗಳಲ್ಲಿ ಜನರನ್ನು ಕೇಳದೇ ಹೀಗೆ ಮಾಡಿದ ಆರೋಪದ ಮೇಲೆ ವಿಜಿಯೋ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಈಗ ಒಪ್ಪಿಗೆ ಕೇಳುತ್ತಾರೆ, ನಿಜ. ಆದರೆ ಮೊದಲ ದಿನ, ಪೆಟ್ಟಿಗೆ ಬಿಚ್ಚಿದ ಖುಷಿಯಲ್ಲಿ ಮನೆಮಂದಿ ಎಲ್ಲ ಸುತ್ತ ನಿಂತಿರುವಾಗ, ಓಕೆ ಓಕೆ ಅಂತ ಒತ್ತುತ್ತಾ ಹೋಗುವ ಪುಟಗಳಲ್ಲಿ ಕೇಳುತ್ತಾರೆ. ನಾನೂ ಹಾಗೇ ಒತ್ತಿದ್ದೆ. ಅದನ್ನು ಆಫ್ ಮಾಡುವ ಜಾಗ ನಾಲ್ಕು ಮೆನು ಒಳಗೆ ಸಿಕ್ಕಿತು.

ಕೊನೆಗೆ ನಾನು ಮಾಡಿದ್ದು ಇಷ್ಟು. ಟಿವಿಗೆ ವೈಫೈ ತೆಗೆದುಬಿಟ್ಟೆ. ಆ್ಯಪ್‌ಗಳಿಗೆ ಬೇರೆ ಸ್ಟ್ರೀಮಿಂಗ್ ಸ್ಟಿಕ್ ತಂದು ಎಚ್‌ಡಿಎಂಐಗೆ ಚುಚ್ಚಿದೆ. ಸ್ಟಿಕ್‌ನಲ್ಲೂ ಜಾಹೀರಾತು ಬರುತ್ತದೆ, ಆದರೆ ಅದು ನಿಧಾನ ಆದರೆ ಅದೊಂದನ್ನೇ ಬದಲಿಸಬಹುದು, 55 ಇಂಚಿನ ಒಳ್ಳೇ ಗಾಜನ್ನು ಎಸೆಯಬೇಕಿಲ್ಲ. ಟಿವಿ ಆನ್ ಆದಾಗ ಕೊನೆಯ ಇನ್‌ಪುಟ್‌ಗೇ (ಕೊನೆಗೆ ನೋಡಿದ ಸೆಟ್‌ಟಾಪ್ ಬಾಕ್ಸ್‌ಗೋ ಸ್ಟಿಕ್‌ಗೋ) ಹೋಗು ಅನ್ನುವ ಸೆಟ್ಟಿಂಗ್ ಕೂಡ ಹುಡುಕಿ ಹಾಕಿದೆ. ಮುಂಚೆಯೂ ಒಮ್ಮೆ ಹಾಕಿದ್ದೆ, ಅಪ್‌ಡೇಟ್ ಬಂದು ಅಳಿಸಿಹಾಕಿತ್ತು. ಈಗ ವೈಫೈ ಇಲ್ಲ, ಅಪ್‌ಡೇಟೂ ಇಲ್ಲ. ವಾರ್ತೆ ಬರೋಕೆ 14 ಸೆಕೆಂಡ್, ಅಮ್ಮ ಯಾರನ್ನೂ ಕರೆಯೋದಿಲ್ಲ.

ಚಿತ್ರಕ್ಕೆ 5ಕ್ಕೆ 4.5 ಕೊಡುತ್ತೇನೆ. ಸಾಫ್ಟ್‌ವೇರ್‌ಗೆ 1, ರಿಮೋಟ್‌ಗೂ 1. ನೀವು ಟಿವಿ ತಗೊಳ್ಳೋಕೆ ಹೋದರೆ ಅಂಗಡಿಯವರು ಹಾಕಿರುವ ಬಣ್ಣಬಣ್ಣದ ಹೂವಿನ ವಿಡಿಯೋ ನೋಡಿ ಬರಬೇಡಿ. ಪ್ಲಗ್ ತೆಗೆದು ಮತ್ತೆ ಹಾಕಲು ಹೇಳಿ, ಎಷ್ಟು ಹೊತ್ತಿಗೆ ಬರುತ್ತದೆ ಎಣಿಸಿ. ರಿಮೋಟ್ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ವಾಲ್ಯೂಮ್ ಜಾಸ್ತಿ ಮಾಡಿ ನೋಡಿ. ವೈಫೈ ಇಲ್ಲದೆ ನಡೆಯುತ್ತಾ, ಆನ್ ಆದ ಕೂಡಲೇ ನೇರ ಇನ್‌ಪುಟ್‌ಗೆ ಹೋಗುತ್ತಾ ಅಂತ ಕೇಳಿ. ಅಂಗಡಿಯವರು ಹೌದು ಅಂದರೆ ಅಲ್ಲೇ ಮಾಡಿ ತೋರಿಸಲು ಹೇಳಿ.