ಮಕ್ಕಳ ಜೊತೆ ಜಿಯೋಕ್ಯಾಶಿಂಗ್: ಮೊಬೈಲ್ ಸಾಕೋ, ಬೇರೆ ಜಿಪಿಎಸ್ ಬೇಕೋ?

ಜಿಯೋಕ್ಯಾಶಿಂಗ್ ಅಂದರೆ ಬೇರೆಯವರು ಹೊರಗೆಲ್ಲೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ. ನಾಲ್ಕರಿಂದ ಎಂಟು ವರ್ಷದ ಮಕ್ಕಳ ಜೊತೆ ಡಬ್ಬಿ ಹುಡುಕಲು ಹೊರಟರೆ ಮೊದಲ ಜಗಳ ಜಿಪಿಎಸ್ ಯಾರ ಕೈಯಲ್ಲಿರಬೇಕು ಅನ್ನುವುದಕ್ಕೇ. ಮೊಬೈಲ್, ಕೈಯಲ್ಲಿ ಹಿಡಿಯುವ ಜಿಪಿಎಸ್, ಡಬ್ಬಿಯೇ ಇಲ್ಲದ ಅಡ್ವೆಂಚರ್ ಲ್ಯಾಬ್, ಜಿಪಿಎಸ್ಸೇ ಬೇಡದ ಲೆಟರ್‌ಬಾಕ್ಸಿಂಗ್, ಈ ನಾಲ್ಕನ್ನೂ ಮಕ್ಕಳ ಜೊತೆ ಬಳಸಿ ನೋಡಿ ಇಲ್ಲಿ ಹೋಲಿಸಿದ್ದೇವೆ.

ಮೊಬೈಲಿನ ದೊಡ್ಡ ಅನುಕೂಲ ಮಾಹಿತಿ. ನಕ್ಷೆ, ಸುಳಿವು, ಹಿಂದೆ ಹೋದವರು ಬರೆದದ್ದು ಎಲ್ಲವೂ ಒಂದೇ ಕಡೆ ಸಿಗುತ್ತದೆ. ಹೊರಡುವ ಮುನ್ನ ಕೊನೆಯ ಎರಡು ಮೂರು ಬರಹ ಓದಿ. ಸಾಲಾಗಿ ‘ಸಿಗಲಿಲ್ಲ’ ಅಂತಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. ನೆಟ್‌ವರ್ಕ್ ಇಲ್ಲದ ಕಡೆಗಾಗಿ ವಿವರವನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ತೊಂದರೆಗಳೂ ಇವೆ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ. ಕವರಿನಲ್ಲಿ ಮ್ಯಾಗ್ನೆಟ್ ಇದ್ದರೆ ದಿಕ್ಸೂಚಿ ತಪ್ಪು ದಿಕ್ಕು ತೋರಿಸುತ್ತದೆ. ಆಗ ಕವರ್ ತೆಗೆದು ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದರೆ ಸರಿಹೋಗುತ್ತದೆ.

ಮಕ್ಕಳ ಕೈಗೆ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್‌ನಂಥ ಉಪಕರಣವೇ ವಾಸಿ. ಒತ್ತುವ ಗುಂಡಿಗಳು, ಎರಡು ಎಎ ಸೆಲ್ಲು, ಕಂಪನಿಯ ಲೆಕ್ಕದಲ್ಲಿ 25 ಗಂಟೆ. ನೀರು ಚಿಮ್ಮಿದರೆ ಹೆದರಬೇಕಿಲ್ಲ. ಆದರೆ ಇದರಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, ನಡೆಯುತ್ತಿದ್ದಾಗ ಮಾತ್ರ ಬಾಣವನ್ನು ನಂಬಬಹುದು. ಮಗು ನಿಂತ ಕೂಡಲೇ ಬಾಣ ಎತ್ತಲೋ ತಿರುಗುತ್ತದೆ, ಮಗು ‘ಕೆಟ್ಟೋಯ್ತು’ ಅನ್ನುತ್ತದೆ. ನಿಲ್ಲದೆ ಹತ್ತು ಹೆಜ್ಜೆ ನೇರವಾಗಿ ನಡೆದು ನೋಡು ಎಂದು ಮೊದಲೇ ಹೇಳಿಕೊಡಿ.

ಸ್ಥಾನದ ಅಂಕಿಗಳನ್ನು ಇದಕ್ಕೆ ಕೈಯಾರೆ ತುಂಬುವಾಗ ಎಚ್ಚರ ಬೇಕು. ಅಕ್ಷಾಂಶದ ನಿಮಿಷದಲ್ಲಿ (ಡಿಗ್ರಿಯ ಅರವತ್ತನೇ ಒಂದು ಭಾಗ) ದಶಾಂಶ ಬಿಂದುವಿನ ನಂತರದ ಮೂರನೇ ಅಂಕಿ ಒಂದರಷ್ಟು ತಪ್ಪಿದರೆ 1.85 ಮೀಟರ್ ವ್ಯತ್ಯಾಸ, ಅಷ್ಟೇ. ಎರಡನೆಯದು ತಪ್ಪಿದರೆ 18 ಮೀಟರ್, ಮೊದಲನೆಯದು ತಪ್ಪಿದರೆ 185 ಮೀಟರ್. ಮಕ್ಕಳ ಕಾಲಿಗೆ 185 ಮೀಟರ್ ಅಂದರೆ ಒಂದು ಅಳುವಿನಷ್ಟು ದೂರ. ಕಂಪ್ಯೂಟರಿನಿಂದ ಸ್ಥಾನದ ಅಂಕಿಗಳಿರುವ ಜಿಪಿಎಕ್ಸ್ ಫೈಲ್ ಹಾಕಿಕೊಂಡರೆ ಈ ಭಯವಿಲ್ಲ.

ನಿಖರತೆಯಲ್ಲಿ ಮೊಬೈಲಿಗೂ ಕೈ ಜಿಪಿಎಸ್‌ಗೂ ಹೆಚ್ಚು ಅಂತರವಿಲ್ಲ. 2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಇಟ್ಟಿದ್ದ ದೋಷವನ್ನು ತೆಗೆಯಿತು, ಮರುದಿನವೇ ಒರೆಗಾನ್‌ನಲ್ಲಿ ಮೊದಲ ಡಬ್ಬಿ ಅಡಗಿತು. ಈಗಲೂ ಬಯಲಲ್ಲಿ ಮೂರರಿಂದ ಐದು ಮೀಟರ್ ಆಚೀಚೆ ಆಗುತ್ತದೆ, ದಟ್ಟ ಮರಗಳಡಿ ಹತ್ತು ಮೀಟರ್ ದಾಟುವುದೂ ಉಂಟು. ಅಡಗಿಸಿದವರ ತಪ್ಪು ಇದರ ಮೇಲೆ ಬೇರೆ. ಹಾಗಾಗಿ ಹತ್ತು ಮೀಟರ್ ಉಳಿದಾಗ ಉಪಕರಣ ಜೇಬಿಗೆ ಹೋಗಲಿ, ಕಣ್ಣಿಗೆ ಕೆಲಸ ಕೊಡಿ: ಮರದ ಬುಡ, ಪೊಟರೆ, ಯಾರೋ ಜೋಡಿಸಿಟ್ಟಂತೆ ಕಾಣುವ ಕಡ್ಡಿ ಕಲ್ಲುಗಳು.

ನಿಜ ಹೇಳಬೇಕೆಂದರೆ ಉಪಕರಣಕ್ಕಿಂತ ಡಬ್ಬಿಯ ಆಯ್ಕೆ ದೊಡ್ಡದು. ಮೈಕ್ರೋ ಅಂದರೆ 100 ಮಿಲಿಲೀಟರಿಗಿಂತ ಸಣ್ಣದು. ಒಳಗೆ ಸುತ್ತಿದ ಕಾಗದ ಬಿಟ್ಟರೆ ಬೇರೇನೂ ಇರುವುದು ಕಡಿಮೆ. ಅದನ್ನು ಬಿಡಿಸಲು ಎಳೆ ಬೆರಳುಗಳಿಗೆ ಆಗದು. ಒಂದು ಲೀಟರ್‌ವರೆಗಿನ ಸ್ಮಾಲ್, 20 ಲೀಟರ್‌ವರೆಗಿನ ರೆಗ್ಯುಲರ್ ಡಬ್ಬಿಗಳನ್ನೇ ಆರಿಸಿ. ಪ್ರತಿ ಡಬ್ಬಿಗೂ ಹುಡುಕುವ ಕಷ್ಟಕ್ಕೊಂದು, ನಡೆಯುವ ನೆಲಕ್ಕೊಂದು ಅಂಕ ಇರುತ್ತದೆ, 1 ಅತಿ ಸುಲಭ, 5 ಅತಿ ಕಷ್ಟ. ಎರಡೂ 1.5 ಮೀರದಿರಲಿ.

ಡಬ್ಬಿ ಸಿಕ್ಕ ಮೇಲೆ ತಪ್ಪುವುದು ಎರಡು ಕಡೆ. ಮಗು ಮುಚ್ಚಳದ ನಾಲ್ಕು ಕೊಂಡಿಗಳಲ್ಲಿ ಮೂರನ್ನು ಒತ್ತಿ ಎದ್ದುಬಿಡುತ್ತದೆ. ಮುಚ್ಚಳದ ರಬ್ಬರಿನ ಮೇಲೆ ಒಂದು ಮರಳಿನ ಕಣ ಉಳಿದರೂ ಮಳೆನೀರು ಒಳಗಿಳಿದು ಲಾಗ್ ಪುಸ್ತಕ, ಅಂದರೆ ಹುಡುಕಿದವರು ಹೆಸರು ಬರೆಯುವ ಪುಸ್ತಕ, ಮುದ್ದೆಯಾಗುತ್ತದೆ. ಒರೆಸಿ, ನಾಲ್ಕನ್ನೂ ‘ಟಕ್’ ಅನ್ನಿಸಿ. ಇನ್ನೊಂದು ಟ್ರ್ಯಾಕಬಲ್. ಕೋಡ್ ಕೆತ್ತಿದ ಬಿಲ್ಲೆ ಆಟಿಕೆಯಂತೆ ಕಂಡರೂ ಅದು ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ, ಮುಂದಿನ ಡಬ್ಬಿಗೆ ಸಾಗಿಸಬೇಕಾದದ್ದು. ಡಬ್ಬಿಯಲ್ಲಿ ವಿನಿಮಯಕ್ಕೆಂದು ಇಟ್ಟಿರುವ ಬೇರೆ ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಿ, ತಿನ್ನುವ ಪದಾರ್ಥ ಮಾತ್ರ ಬೇಡ, ವಾಸನೆಗೆ ಪ್ರಾಣಿಗಳು ಡಬ್ಬಿ ಕಡಿಯುತ್ತವೆ. ಜೊತೆಗೆ ಪೆನ್ಸಿಲ್ ಇರಲಿ. ತೇವದ ಕಾಗದದ ಮೇಲೆ ಬಾಲ್‌ಪೆನ್ ಮೂಡುವುದಿಲ್ಲ.

ಅಡ್ವೆಂಚರ್ ಲ್ಯಾಬ್‌ನಲ್ಲಿ ಜಾಗಕ್ಕೆ ಹೋಗಿ, ಅಲ್ಲಿ ಕಂಡದ್ದನ್ನು ಆ್ಯಪ್‌ನಲ್ಲಿ ಉತ್ತರಿಸುವುದಷ್ಟೇ. ತಳ್ಳುಗಾಡಿ ಹೋಗುವ ಪೇಟೆ ದಾರಿಗಳಿಗೆ, ಓದಲು ಕಲಿತ ಮಕ್ಕಳಿಗೆ ಒಳ್ಳೆಯದು. ನಾಲ್ಕರ ಮಗು ಮಾತ್ರ ‘ಡಬ್ಬಿ ಎಲ್ಲಿ?’ ಎಂದು ಕೇಳುತ್ತಲೇ ಇರುತ್ತದೆ.

ಲೆಟರ್‌ಬಾಕ್ಸಿಂಗ್ 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ ಶುರುವಾದದ್ದು. ಸುಳಿವು ಓದಿ ಪೆಟ್ಟಿಗೆ ಹುಡುಕಿ, ಅದರೊಳಗಿನ ರಬ್ಬರ್ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳಬೇಕು. ಆ ಒತ್ತುವ ಖುಷಿಗೆ ಯಾವ ಆಟಿಕೆಯೂ ಸಮನಲ್ಲ. ಶಾಯಿ ಒಣಗುವ ಮುನ್ನ ಪುಸ್ತಕ ಮುಚ್ಚಬಾರದು. ಕೊರತೆ ಒಂದೇ: ಸುಳಿವಿನಲ್ಲಿ ಹೇಳಿದ ಮರ ಉರುಳಿದ್ದರೆ ದಾರಿ ಅಲ್ಲಿಗೇ ನಿಂತಿತು.

ಮೊದಲ ನಾಲ್ಕೈದು ಸಲಕ್ಕೆ ಮೊಬೈಲೇ ಸಾಕು, ಹೊಸ ಉಪಕರಣ ಕೊಳ್ಳಬೇಡಿ. ಮಗು ತಾನಾಗಿಯೇ ‘ಮುಂದಿನದು ಯಾವಾಗ?’ ಎಂದು ಕೇಳತೊಡಗಿದ ಮೇಲೆ ಕೈ ಜಿಪಿಎಸ್ ತನ್ನಿ. ಇಬ್ಬರು ಮಕ್ಕಳಿದ್ದರೆ ಒಬ್ಬರಿಗೆ ಬಾಣ, ಇನ್ನೊಬ್ಬರಿಗೆ ಮುಚ್ಚಳ ತೆರೆಯುವ ಹಕ್ಕು. ಮುಂದಿನ ಡಬ್ಬಿಗೆ ಅದಲು ಬದಲು.